ಮೈ ಮಿರುಗಿಸುವ ಎಣ್ಣೆ

ಗೋಧಿ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿತು. ಚೈತ್ರ ಮೊದಲ ಮಹಡಿಯಿಂದ ಹೆಸರು ಹಿಡಿದು ಕರೆದಳು. ನಾಯಿ ಬಾಲ ಆಡಿಸಿತು, ಒಂದು ಮುಂಗಾಲನ್ನು ಮೆಟ್ಟಿಲ ಮೇಲಿಟ್ಟಿತು, ಆಮೇಲೆ ಏನೋ ಯೋಚನೆ ಬಂದಂತೆ ಕಾಲು ಹಿಂದೆ ತೆಗೆದುಕೊಂಡು ಅಲ್ಲೇ ನೆಲಕ್ಕೆ ಮೈ ಚೆಲ್ಲಿತು.

"ಸೋಮಾರಿ ಆಗ್ಬಿಟ್ಟಿದೀಯ ಕಣೇ," ಎಂದು ಚೈತ್ರ ನಕ್ಕಳು. ಬೆಳಗಿನ ಬಿಸಿಲು ಗ್ರಿಲ್ಲಿನ ಸಂದಿಯಿಂದ ಗೋಧಿಯ ಬೆನ್ನ ಮೇಲೆ ಬಿದ್ದಿತ್ತು. ಆ ಬೆನ್ನು ಆಗತಾನೇ ಬೆಳಗಿದ ತಾಮ್ರದ ಚೊಂಬಿನಂತೆ ಹೊಳೆಯುತ್ತಿತ್ತು.

ಆ ಹೊಳಪು ಚೈತ್ರಳ ಹೆಮ್ಮೆ. ಅಟ್ಟೂರಿನಲ್ಲಿ ಗಂಡನ ಮನೆಯ ರಸ್ತೆ ಕಡೆಯ ಕೋಣೆಯಲ್ಲಿ ಅವಳು ನಾಯಿಗಳಿಗೆ ಸ್ನಾನ ಮಾಡಿಸಿ, ಕೂದಲು ಕತ್ತರಿಸಿ, ಉಗುರು ತೆಗೆಯುವ ಅಂಗಡಿ ಇಟ್ಟಿದ್ದಳು. ಗೋಧಿ ಅವಳಿಗೆ ಸಿಕ್ಕಿದ್ದು ಲೇಔಟಿನ ಮೋರಿ ಪಕ್ಕ. ಕಜ್ಜಿ ಹತ್ತಿ ಅರ್ಧ ಮೈಯಲ್ಲಿ ಕೂದಲೇ ಇರಲಿಲ್ಲ. ಯಲಹಂಕದ ಪಶುವೈದ್ಯ ಡಾಕ್ಟರ್ ಮುಜಫ್ಫರ್ ಕಜ್ಜಿಯನ್ನೇನೋ ವಾಸಿ ಮಾಡಿದರು, ಆದರೆ ಚರ್ಮ ಒಣಗಿ ಹೊಟ್ಟು ಉದುರುವುದು ನಿಲ್ಲಲಿಲ್ಲ. ಊಟದಲ್ಲಿ ಒಂದು ಚಮಚ ಅಗಸೆ ಎಣ್ಣೆ ಹಾಕಿ ನೋಡಿ ಎಂದರು ಡಾಕ್ಟರು.

ಅಗಸೆ ಎಣ್ಣೆಗೆ ಚೈತ್ರ ಹೋದದ್ದು ಅಶ್ವತ್ಥ್ ಭಾವನ ಹತ್ತಿರ. ಅವಳ ಗಂಡ ಶರತ್‌ನ ಸೋದರಮಾವನ ಮಗ ಅವನು. ರಾಜಾನುಕುಂಟೆಯಲ್ಲಿ ಕರೆಂಟಿನ ಗಾಣ ಇಟ್ಟುಕೊಂಡಿದ್ದ. ಅಗಸೆಯ ಜೊತೆಗೆ ಹುಚ್ಚೆಳ್ಳೂ ಹಾಕಿ ಅರೆದರೆ ಚರ್ಮಕ್ಕೆ ಇನ್ನೂ ಒಳ್ಳೆಯದು ಎಂದು ಅವನೇ ಹೇಳಿದ. ಹೇಳಿದಂತೆಯೇ ಆಯಿತು. ಗೋಧಿಗೆ ಕೂದಲು ಬಂತು, ದಟ್ಟವಾಗಿ, ನುಣ್ಣಗೆ. ಅಂಗಡಿಗೆ ಬಂದವರೆಲ್ಲ ಏನು ಹಾಕ್ತೀರಾ ಇದಕ್ಕೆ ಎಂದು ಕೇಳತೊಡಗಿದರು. ಚೈತ್ರ ಬಾಟಲಿಗಳ ಮೇಲೆ ಗೋಧಿಯ ಚಿತ್ರ ಅಂಟಿಸಿ ಮಾರಲು ಶುರು ಮಾಡಿದಳು.

ಮೊದಮೊದಲು ಅಶ್ವತ್ಥ್ ಹುಚ್ಚೆಳ್ಳನ್ನು ಯಶವಂತಪುರದ ಮಂಡಿಯಿಂದ ತರುತ್ತಿದ್ದ. ಸಂಕ್ರಾಂತಿ ಕಳೆದ ಮೇಲೆ ಮನೆಯದೇ ಬಂತು. ರಾಜಾನುಕುಂಟೆಯ ಆಚೆ ಚೈತ್ರಳ ಅತ್ತೆ ಪಟಾಲಮ್ಮನ ಹೊಲವಿತ್ತು. ಅದನ್ನು ಲೇಔಟ್ ಮಾಡಿ ಸೈಟುಗಳಿಗೆ ಕಲ್ಲು ನೆಟ್ಟಿದ್ದರೂ ಮುಕ್ಕಾಲು ಪಾಲು ಮಾರಾಟವಾಗಿರಲಿಲ್ಲ. ಖಾಲಿ ಸೈಟುಗಳಲ್ಲಿ ಅಶ್ವತ್ಥ್ ಹುಚ್ಚೆಳ್ಳು ಚೆಲ್ಲಿದ್ದ. ಯಾರೂ ಕಳೆ ಕೀಳಲಿಲ್ಲ, ಯಾರೂ ನೋಡಲಿಲ್ಲ, ಆದರೂ ಬೆಳೆಯಿತು. ಆ ಎಣ್ಣೆಯ ಮೊದಲ ಕ್ಯಾನು ಮನೆಗೆ ಬಂದ ದಿನ ಪಟಾಲಮ್ಮ ಮುಚ್ಚಳ ತೆಗೆದು ಮೂಸಿ, "ನಮ್ ಮಣ್ಣಿನ ವಾಸ್ನೆ ಕಣಮ್ಮಿ," ಎಂದು ಕಣ್ಣು ಮುಚ್ಚಿಕೊಂಡಿದ್ದಳು.

ಗೋಧಿ ಮೆಟ್ಟಿಲು ಹತ್ತದೆ ಮಲಗಿದ್ದು ಅದಾಗಿ ಕೆಲವು ವಾರಗಳ ಮೇಲೆ.

ಮಾರನೆಯ ದಿನವೂ ಅದು ಹತ್ತಲಿಲ್ಲ. ಅನ್ನ ಹಾಕಿದರೆ ಮೂಸಿ ಮುಖ ತಿರುಗಿಸಿತು. ಚೈತ್ರ ಅದನ್ನು ಮೇಜಿನ ಮೇಲೆ ಎತ್ತಿ ಬಾಚಲು ಹೋದಾಗ ಹಿಂಗಾಲು ಕೈಗೆ ದಪ್ಪವಾಗಿ ಸಿಕ್ಕಿತು. ಮುಳ್ಳೇನಾದರೂ ಚುಚ್ಚಿದೆಯೇ ಎಂದು ಒತ್ತಿ ನೋಡಿದಳು. ಬೆರಳು ತೆಗೆದ ಮೇಲೂ ಅಲ್ಲಿ ಗುಳಿ ಹಾಗೆಯೇ ಉಳಿಯಿತು, ಕಲಸಿಟ್ಟ ಹಿಟ್ಟಿನ ಮೇಲೆ ಬೆರಳು ಒತ್ತಿದಂತೆ.

ಡಾಕ್ಟರ್ ಮುಜಫ್ಫರ್ ನಾಯಿಯ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಹೊಟ್ಟೆ ತಟ್ಟಿ ನೋಡಿದರು. ಸ್ಕ್ಯಾನ್ ಮಾಡಿದರು.

"ಹಾರ್ಟ್ ದೊಡ್ದಾಗಿದೆ. ಹೊಟ್ಟೇಲೂ ನೀರು ತುಂಬ್ಕೊಂಡಿದೆ."

"ಇನ್ನೂ ಚಿಕ್ಕ ವಯಸ್ಸಲ್ವಾ ಡಾಕ್ಟ್ರೇ ಇದಕ್ಕೆ?"

"ಅದೇ ನಂಗೂ ಅರ್ಥ ಆಗ್ತಿಲ್ಲ," ಎಂದರು ಅವರು. ಕೈ ಗೋಧಿಯ ಬೆನ್ನ ಮೇಲೆ ಆಡುತ್ತಿತ್ತು. "ಮೈ ನೋಡಿದ್ರೆ ಕಾಯಿಲೆ ನಾಯಿ ಅಂತ ಯಾರೂ ಹೇಳಲ್ಲ." ನೀರು ಇಳಿಯಲು ಮಾತ್ರೆ ಬರೆದುಕೊಟ್ಟರು.

ಮಾತ್ರೆಯನ್ನು ನುಂಗಿಸಲು ಚೈತ್ರ ಅದೇ ಎಣ್ಣೆಯಲ್ಲಿ ಅದ್ದಿ ಕೊಡುತ್ತಿದ್ದಳು.

ಆ ವಾರ ಒಂದು ಸಂಜೆ ಕರೆಂಟು ಹೋಗಿತ್ತು. ಪಟಾಲಮ್ಮ ನೆಲಮಹಡಿಯ ತನ್ನ ಅಡುಗೆಮನೆಯ ಬಾಗಿಲಲ್ಲಿ ದೀಪ ಹಚ್ಚಿಟ್ಟುಕೊಂಡು ಕೂತಿದ್ದಳು. ಮಗ ಸೊಸೆ ಮೇಲೆ ಬೇಯಿಸಿಕೊಳ್ಳುತ್ತಿದ್ದರು. ಅವರ ಅನ್ನ ಪಲ್ಯ ತನಗೆ ಸೇರುವುದಿಲ್ಲವೆಂದು ಪಟಾಲಮ್ಮ ಕೆಳಗೆ ಬೇರೆ ಒಲೆ ಇಟ್ಟುಕೊಂಡು ಮುದ್ದೆ, ಉಪ್ಸಾರು ಮಾಡಿಕೊಳ್ಳುತ್ತಿದ್ದಳು. ಜಗಳವೇನಿರಲಿಲ್ಲ, ಹಾಗೆ ರೂಢಿಯಾಗಿತ್ತು.

"ಚೈತ್ರಾ, ಇಲ್ ಬಾಮ್ಮಿ. ಈ ದೀಪದ ಸುತ್ತ ನಿಂಗೇನಾದ್ರೂ ಕಾಣ್ತದಾ?"

"ಏನತ್ತೆ?"

"ಬಳೆ ಇಟ್ಟಂಗೆ. ಕೆಂಪು, ಅಸ್ರು, ನೀಲಿ. ಒಂದ್ರೊಳಗೊಂದು." ಅವಳ ದನಿಯಲ್ಲಿ ಭಯವಿರಲಿಲ್ಲ, ಸಂತೋಷವೇ ಇತ್ತು. "ಮೊನ್ನೆಯಿಂದ ಇಂಗೇ ಕಾಣ್ತದೆ. ಅಮ್ಮ ಏನೋ ತೋರ್ಸ್ತಾವ್ಳೆ ಅಂತೀನಿ."

ಚೈತ್ರ ನೋಡಿದಳು. ದೀಪ ಬರೀ ದೀಪವಾಗಿತ್ತು.

ಏಳಲು ಹೋದ ಪಟಾಲಮ್ಮ ಗೋಡೆ ಹಿಡಿದುಕೊಂಡು ಒಂದು ಗಳಿಗೆ ನಿಂತು ಉಸಿರು ತೆಗೆದುಕೊಂಡಳು. ಚಪ್ಪಲಿಗೆ ಕಾಲು ತೂರಿಸಲು ನೋಡಿದಳು, ಆಗಲಿಲ್ಲ. "ಬಿಸ್ಲಿಗೆ ಕುಗ್ಗೈತೆ ದರಿದ್ರದ್ದು. ಶರತೂಗೆ ಏಳಿ ಬ್ಯಾರೆ ತರ್ಸು," ಎಂದು ಬರಿಗಾಲಲ್ಲೇ ಒಳಗೆ ಹೋದಳು.

ಚೈತ್ರ ಗಂಡನಿಗೆ ಹೇಳಿದಳು. ಕಣ್ಣಿನ ಪೊರೆ ಇರಬೇಕು, ಬೇಸಿಗೆ ಕಳೆಯಲಿ ಆಪರೇಷನ್ ಮಾಡಿಸೋಣ ಎಂದ ಶರತ್. ಹೊಸ ಚಪ್ಪಲಿ ತಂದುಕೊಟ್ಟ. ಅದೂ ಬಿಗಿಯಾಯಿತು.

ಆಮೇಲೆ ಮುನಿರತ್ನ ಬಂದರು. ಯಲಹಂಕ ನ್ಯೂ ಟೌನಿನಲ್ಲಿ ಒಬ್ಬರೇ ಇದ್ದ ಹೆಂಗಸು, ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಅವರ ಲಡ್ಡು ಎಂಬ ಗೋಲ್ಡನ್ ರಿಟ್ರೀವರ್ ಮೊದಲಿಂದ ಚೈತ್ರಳ ಕೈಯಲ್ಲೇ ಸ್ನಾನ ಮಾಡಿಸಿಕೊಳ್ಳುತ್ತಿತ್ತು. ಕಾರಿನಿಂದ ಇಳಿದ ಲಡ್ಡು ಅಂಗಡಿಯ ಬಾಗಿಲ ತನಕ ಬಂದು ಕುಸಿದು ಕೂತಿತು, ನಾಲಿಗೆ ಚಾಚಿ ಏದುಸಿರು ಬಿಡತೊಡಗಿತು. ಅದರ ಕೂದಲು ರೇಷ್ಮೆ ಲಡಿಯಂತೆ ಇಳಿಬಿದ್ದಿತ್ತು.

"ನಿಮ್ಮ ಎಣ್ಣೆ ಮ್ಯಾಜಿಕ್ ಕಣ್ರೀ ಚೈತ್ರ," ಎಂದರು ಮುನಿರತ್ನ. "ಪಾರ್ಕಲ್ಲಿ ಎಲ್ರೂ ನಿಲ್ಸಿ ನಿಲ್ಸಿ ಕೇಳ್ತಾರೆ. ಆದ್ರೆ ಯಾಕೋ ಈಚೆಗೆ ಸುಸ್ತು. ತೂಕ ಜಾಸ್ತಿ ಆಗಿರ್ಬೇಕು, ಕಾಲೆಲ್ಲಾ ದಪ್ಪ ಆಗಿದೆ ನೋಡಿ."

ಚೈತ್ರ ಮೊಣಕಾಲೂರಿ ಕೂತು ಲಡ್ಡುವಿನ ಕಾಲನ್ನು ಹಿಡಿದಳು. ಹೆಬ್ಬೆರಳಿನಿಂದ ಒತ್ತಿದಳು. ಕೂದಲು ಸರಿಸಿ ನೋಡುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಗುಳಿ ಅಲ್ಲೇ ಇತ್ತು.

"ಮೇಡಂ, ಇವತ್ತಿಂದ ಎಣ್ಣೆ ಹಾಕ್ಬೇಡಿ."

"ಯಾಕ್ರೀ?"

"ನಂಗೂ ಗೊತ್ತಿಲ್ಲ. ಹಾಕ್ಬೇಡಿ ಅಷ್ಟೇ. ಈಗ್ಲೇ ಮುಜಫ್ಫರ್ ಡಾಕ್ಟ್ರ ಹತ್ರ ಹೋಗಣ, ನಾನೂ ಬರ್ತೀನಿ."

ಮುನಿರತ್ನ ಅವಳ ಮುಖ ನೋಡಿ ಕಾರಿನ ಬಾಗಿಲು ತೆಗೆದರು.

ಡಾಕ್ಟರು ಲಡ್ಡುವನ್ನು ನೋಡಿ ಮುಗಿಸಿ, ಮುನಿರತ್ನರನ್ನು ಹೊರಗೆ ಕೂರಿಸಿ, ಚೈತ್ರಳನ್ನು ಒಳಗೆ ಕರೆದರು. ಅವಳು ತಂದಿದ್ದ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎಣ್ಣೆ ತಿಳಿಯಾಗಿ, ಹೊಂಬಣ್ಣವಾಗಿ ಇತ್ತು.

"ಎರಡು ನಾಯಿ, ಎರಡು ಮನೆ. ಒಂದೇ ಥರ ಆಗಿದೆ. ಎರಡಕ್ಕೂ ಕಾಮನ್ ಇರೋದು ಇದೊಂದೇ. ಇದ್ರಲ್ಲಿ ಏನೇನ್ ಹಾಕಿದಾರೆ?"

"ಅಗಸೆ, ಹುಚ್ಚೆಳ್ಳು. ಬೇರೇನೂ ಇಲ್ಲ. ನಮ್ಮನೆಯವ್ರೇ ಅರೆಯೋದು ಡಾಕ್ಟ್ರೇ. ಕಲಬೆರಕೆ ಮಾಡಲ್ಲ."

"ಮಾಡಿದಾರೆ ಅಂತ ಹೇಳ್ತಿಲ್ಲ ನಾನು. ಬೀಜ ನೋಡ್ಬೇಕು. ಅರೆಯೋಕ್ ಮುಂಚೆ ಹೇಗಿತ್ತೋ ಹಾಗೇ, ಒಂದು ಹಿಡಿ ತಂದ್ಕೊಡಿ. ಬಾಟ್ಲಿ ಇಲ್ಲೇ ಇರ್ಲಿ. ಹೆಬ್ಬಾಳದಲ್ಲಿ ಸ್ನೇಹಿತರ ಲ್ಯಾಬ್ ಇದೆ, ಕೊಡ್ತೀನಿ."

ಚೈತ್ರ ಮಾರನೆಯ ಬೆಳಿಗ್ಗೆಯೇ ಸ್ಕೂಟರಿನಲ್ಲಿ ರಾಜಾನುಕುಂಟೆಗೆ ಹೋದಳು. ಗಾಣ ಓಡುತ್ತಿತ್ತು. ಅಶ್ವತ್ಥ್ ಹಿಂಡಿಯನ್ನು ಚೀಲಕ್ಕೆ ತುಂಬುತ್ತಿದ್ದವನು ಅವಳನ್ನು ಕಂಡು ಮೋಟರು ಆರಿಸಿದ. ಅವನಿಗೆ ಏನೆಂದು ಹೇಳುವುದೋ ತಿಳಿಯದೆ, "ಬೀಜ ನೋಡ್ಬೇಕಿತ್ತು ಭಾವ," ಎಂದಷ್ಟೇ ಹೇಳಿದಳು.

ಮೂಲೆಯಲ್ಲಿದ್ದ ಚೀಲದ ಬಾಯಿ ಬಿಚ್ಚಿ ಅವನು ಬೊಗಸೆ ತುಂಬ ತೆಗೆದು ಅವಳ ಅಂಗೈಗೆ ಸುರಿದ. ಹುಚ್ಚೆಳ್ಳು ಉದ್ದುದ್ದ, ಕರ್ರಗೆ ಮಿನುಗುತ್ತಿತ್ತು. ಅದರ ನಡುವೆ ಬೇರೆ ಕಾಳುಗಳೂ ಇದ್ದವು. ದುಂಡಗೆ, ಸಣ್ಣಗೆ, ಕಪ್ಪು ಕಂದು ಬಣ್ಣ.

"ಇದೇನು?"

"ಸಾಸಿವೆ ಅಲ್ವಾ? ಯಾವ್ದೋ ಕಾಲದಲ್ಲಿ ಹೊಲದಲ್ಲಿ ಹಾಕ್ತಿದ್ರು, ಅದೇ ಬಿದ್ದು ಮತ್ತೆ ಹುಟ್ಟಿರ್ಬೇಕು. ಜರಡಿ ಹಿಡ್ಯಕ್ಕೆ ಹೋಗ್ಲಿಲ್ಲ. ಸಾಸಿವೆ ಎಣ್ಣೇನೂ ಒಳ್ಳೇದೇ ತಾನೆ?"

ಚೈತ್ರ ಒಂದು ಕಾಳನ್ನು ಬೆರಳುಗಳ ನಡುವೆ ಹೊಸಕಿದಳು. ಸಾಸಿವೆಯ ನುಣುಪು ಅದಕ್ಕಿರಲಿಲ್ಲ. ಮೈಯೆಲ್ಲ ತರಿತರಿಯಾಗಿತ್ತು.

"ಹೊಲ ತೋರ್ಸಿ ಭಾವ."

ಲೇಔಟಿನ ಗೇಟಿನಲ್ಲಿ ಕಾವಲಿನವರಿರಲಿಲ್ಲ. ಡಾಂಬರು ಹಾಕಿದ ರಸ್ತೆಗಳು ನೆಟ್ಟಗೆ ಹೋಗಿ ಯಾವ ಮನೆಗೂ ಸೇರದೆ ನಿಂತಿದ್ದವು. ಹುಚ್ಚೆಳ್ಳು ಕೊಯ್ದ ಜಾಗದಲ್ಲಿ ಒಣ ಕೂಳೆ ಉಳಿದಿತ್ತು. ಆ ಕೂಳೆಯನ್ನು ಮುಚ್ಚಿ, ಸೈಟಿನ ಕಲ್ಲುಗಳನ್ನು ಮುಚ್ಚಿ, ಮಣ್ಣಿನ ಗುಡ್ಡೆಗಳ ಮೇಲೆ, ಚರಂಡಿಯ ಒಳಗೆ, ಕಣ್ಣು ಹೋದಷ್ಟು ದೂರ ಒಂದೇ ಗಿಡ ನಿಂತಿತ್ತು. ಬೂದು ಹಸಿರಿನ ಎಲೆ, ಎಲೆಯ ಅಂಚಿಗೆಲ್ಲ ಮುಳ್ಳು, ತುದಿಯಲ್ಲಿ ಕಾಗದದಂಥ ಹಳದಿ ಹೂವು. ಒಣಗಿದ ಕಾಯಿಗಳು ಬಾಯಿ ಬಿಟ್ಟುಕೊಂಡಿದ್ದವು. ಗಾಳಿ ಬಂದಾಗ ಕಾಯೊಳಗಿನ ಬೀಜ ಗಲಗಲ ಎನ್ನುತ್ತಿತ್ತು, ಒಂದರಿಂದ ಇನ್ನೊಂದಕ್ಕೆ ಆ ಸದ್ದು ಹರಡಿ ಹೊಲದ ತುಂಬ ಪಿಸುಗುಟ್ಟಿದಂತಾಗುತ್ತಿತ್ತು.

ಅಶ್ವತ್ಥ್ ಒಂದು ಕಾಯಿಯನ್ನು ಕಿತ್ತು ಅಂಗೈ ಮೇಲೆ ಬಡಿದ. ದುಂಡು ಕಾಳುಗಳು ಉದುರಿದವು. ಅವನು ಅವನ್ನೇ ನೋಡುತ್ತ ನಿಂತ.

"ಮೆಷಿನ್ನಲ್ಲಿ ಕೊಯ್ಸಿದ್ದು," ಎಂದ ಕೊನೆಗೆ. "ಎಲ್ಲಾ ಒಟ್ಗೇ ಬಂದಿದೆ."

ಮಧ್ಯಾಹ್ನ ಡಾಕ್ಟರು ಫೋನು ಮಾಡಿ ಕ್ಲಿನಿಕ್ಕಿಗೆ ಕರೆಸಿಕೊಂಡರು. ಲ್ಯಾಬಿನಲ್ಲಿ ಎಣ್ಣೆಗೆ ಆಸಿಡ್ ಹನಿಸಿದಾಗ ಕಿತ್ತಳೆ ಮಿಶ್ರಿತ ಕೆಂಪು ಬಣ್ಣ ಬಂತಂತೆ. ಗೆಳೆಯರು ಫೋಟೋ ಕಳಿಸಿದ್ದರು. ಚೈತ್ರ ಬೀಜದ ಪೊಟ್ಟಣ ಬಿಚ್ಚಿಟ್ಟಳು. ಅವರು ಒಂದು ನೋಟಕ್ಕೇ ತಲೆಯಾಡಿಸಿದರು.

"ಅರಿಶಿನ ದತ್ತೂರಿ. ಇದರ ಎಣ್ಣೆ ವಿಷ. ರಕ್ತನಾಳದಿಂದ ನೀರು ಸೋರೋ ಹಾಗೆ ಮಾಡುತ್ತೆ. ಕಾಲು ಊದ್ಕೊಳ್ಳುತ್ತೆ, ಆಮೇಲೆ ಹಾರ್ಟ್. ಕೆಲವ್ರಿಗೆ ಕಣ್ಣೊಳಗೆ ಒತ್ತಡ ಏರಿ ದೃಷ್ಟೀನೂ ಹೋಗುತ್ತೆ."

ಅವರು 'ಕೆಲವರಿಗೆ' ಎಂದದ್ದು ಚೈತ್ರಳಿಗೆ ಸರಿಯಾಗಿ ಕೇಳಿಸಲಿಲ್ಲ. ಅವಳು ಬಾಟಲಿ ಒಯ್ದವರನ್ನೆಲ್ಲ ಮನಸ್ಸಿನಲ್ಲೇ ನೆನೆಸಿಕೊಳ್ಳುತ್ತಿದ್ದಳು.

"ಎಲ್ಲ ಗಿರಾಕಿಗೂ ಈಗ್ಲೇ ಫೋನ್ ಮಾಡಿ," ಎಂದರು ಡಾಕ್ಟರು. ಆಮೇಲೆ ದನಿ ತಗ್ಗಿಸಿ, "ಅಮ್ಮಾ, ಒಂದು ಕೇಳ್ತೀನಿ. ಇದನ್ನ ಮನುಷ್ಯರು ಯಾರಾದ್ರೂ ತಿಂದಿದಾರಾ?"

"ಇಲ್ಲ ಡಾಕ್ಟ್ರೇ. ನಾಯಿಗೆ ಅಂತಾನೇ ಮಾಡ್ಸಿದ್ದು. ನಾವು ಪ್ಯಾಕೆಟ್ ಎಣ್ಣೆ..."

ಅವಳ ಕಣ್ಣ ಮುಂದೆ ಬಂದದ್ದು ಚಪ್ಪಲಿಗೆ ತೂರದ ಕಾಲು. ಆಮೇಲೆ ದೀಪದ ಸುತ್ತ ಬಳೆ.

ಅಟ್ಟೂರಿಗೆ ಅವಳು ಹೇಗೆ ಗಾಡಿ ಓಡಿಸಿಕೊಂಡು ಬಂದಳೋ ಅವಳಿಗೇ ನೆನಪಿಲ್ಲ. ಗೇಟಿನ ಒಳಗೆ ಕಾಲಿಡುತ್ತಿದ್ದಂತೆ ಮೂಗಿಗೆ ಬಡಿದದ್ದು ಒಗ್ಗರಣೆಯ ವಾಸನೆ. ಪಟಾಲಮ್ಮ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಗೋಡೆಗೆ ಒರಗಿಸಿಟ್ಟ ಸ್ಟೀಲಿನ ಡಬ್ಬಿ. ಬಾಣಲೆಯಲ್ಲಿ ಹೊಂಬಣ್ಣದ ಎಣ್ಣೆ ಕಾಯುತ್ತಿತ್ತು.

ಚೈತ್ರ ಬಟ್ಟೆಯನ್ನೂ ಹಿಡಿಯದೆ ಬರಿಗೈಯಲ್ಲಿ ಬಾಣಲೆ ಎತ್ತಿ ಬಚ್ಚಲಿಗೆ ಸುರಿದಳು. ಕೈ ಸುಟ್ಟದ್ದು ಆಮೇಲೆ ತಿಳಿಯಿತು.

"ಉಚ್ಚು ಇಡೀತೇನಮ್ಮಿ ನಿಂಗೆ!"

"ಅತ್ತೆ, ಈ ಎಣ್ಣೆ ಎಲ್ಲಿಂದ ತಗೊಂಡ್ರಿ?"

ಪಟಾಲಮ್ಮ ಗದ್ದ ಎತ್ತಿದಳು. "ಮೆಟ್ಲು ಕೆಳ್ಗಿನ ಕ್ಯಾನಿಂದ. ಏನೀಗ? ನನ್ ಒಲದ ಎಣ್ಣೆ ನಾಯಿಗೆ, ನಂಗೆ ಅಂಗ್ಡಿ ಪ್ಯಾಕೀಟು, ಅಲ್ವಾ? ನಾನೇನು ಕದ್ದಿಲ್ಲ. ನಮ್ಮತ್ತೆ ಕಾಲದಾಗೆ ಮನೆ ಮಂದಿಯೆಲ್ಲ ಇದ್ನೇ ತಿಂತಿದ್ದದ್ದು."

"ಯಾವಾಗಿಂದ?"

"ಬಂದ ದಿನದಿಂದಾನೂ."

ಚೈತ್ರ ಅತ್ತೆಯ ಸೀರೆಯ ನೆರಿಗೆ ಸರಿಸಿ ಕಾಲು ನೋಡಿದಳು. ಚರ್ಮ ಬಿಗಿದು ಮಿರಮಿರ ಹೊಳೆಯುತ್ತಿತ್ತು, ಅಲ್ಲಲ್ಲಿ ಕೆಂಪಡರಿತ್ತು. ಅವಳು ಒತ್ತಲಿಲ್ಲ. ಒತ್ತುವ ಧೈರ್ಯ ಬರಲಿಲ್ಲ. ಹೊಲದ ವಿಷಯ, ಬೀಜದ ವಿಷಯ, ಗೋಧಿಯ ವಿಷಯ ಎಲ್ಲವನ್ನೂ ಹೇಳಿದಳು. ಪಟಾಲಮ್ಮ ಕೇಳುತ್ತ ಕೇಳುತ್ತ ಗೋಡೆಗೆ ಆತುಕೊಂಡಳು. ಮುಖದ ಬಿಗುವು ಕರಗಿತು.

"ಚೈತ್ರಾ," ಎಂದಳು. "ಶಾಂತಲಂಗೂ ಕಳ್ಸಿವ್ನಿ."

ಶಾಂತಲಾ ಶರತ್‌ನ ತಂಗಿ. ಮತ್ತಿಕೆರೆಯಲ್ಲಿದ್ದಳು. ಏಳು ತಿಂಗಳ ಬಸುರಿ.

"ಬಸ್ರಿ ಎಂಗ್ಸಿಗೆ ಒಳ್ಳೇದು ಅಂತ... ದಿನಾ ಒಂದ್ ಚಮ್ಚ ಅನ್ನಕ್ಕೆ ಆಕ್ಕೊಂಡು ಉಣ್ಣು ಅಂತ ನಾನೇ ಏಳಿದ್ದು."

ಚೈತ್ರ ಫೋನು ಮಾಡಿದಳು. ಶಾಂತಲಾ ಎತ್ತಲಿಲ್ಲ. ಮತ್ತೆ ಮಾಡಿದಳು, ರಿಂಗಾಗಿ ಕಟ್ಟಾಯಿತು. ಶಾಂತಲಾಳ ಗಂಡ ಕೆಲಸದ ಮೇಲೆ ಹೊಸೂರಿಗೆ ಹೋಗಿದ್ದ. ಅವನು ಈಗಲೇ ಹೊರಡುತ್ತೇನೆ ಎಂದು ಫೋನಿನಲ್ಲಿ ಹೇಳಿದ. ಶರತ್ ಕಾರು ತಂದ. ತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೇ ಹೊರಟರು. ಗಂಗಮ್ಮ ಸರ್ಕಲ್ಲಿನಲ್ಲಿ ಟ್ರಾಫಿಕ್ಕು ನಿಂತಿತು. ಬಿಇಎಲ್ ಸರ್ಕಲ್ಲಿನಲ್ಲಿ ಇನ್ನೂ ಬಿಗಿಯಾಗಿ ನಿಂತಿತು. ಪಟಾಲಮ್ಮ ಒಂದೇ ಸಮನೆ ಮಗಳ ಹೆಸರನ್ನು ಉಸಿರಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಶರತ್ ಹಾರನ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಚೈತ್ರ ಮತ್ತೆ ಮತ್ತೆ ಫೋನು ಮಾಡುತ್ತ, ನಡುವೆ ಯಾವಾಗಲೋ ತನ್ನ ಕಾಲನ್ನೂ ಒಮ್ಮೆ ಒತ್ತಿ ನೋಡಿಕೊಂಡಳು. ಅತ್ತೆ ಆಗಾಗ ಕೊಡುತ್ತಿದ್ದ ನಿಪ್ಪಟ್ಟು, ವಡೆ ಅವಳೂ ತಿಂದಿದ್ದಳು. ಸಣ್ಣದೊಂದು ಗುಳಿ ಬಿದ್ದು, ನಿಧಾನವಾಗಿ ಮುಚ್ಚಿಕೊಂಡಿತು. ಯಾರಿಗೂ ಹೇಳಲಿಲ್ಲ.

ಶಾಂತಲಾಳ ಮನೆ ಕಾಲೇಜಿನ ಹಿಂದಿನ ಗಲ್ಲಿಯಲ್ಲಿ, ಬಾಡಿಗೆ ಕೋಣೆಗಳ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಬಾಗಿಲು ಬರೀ ಮುಂದೆ ಮಾಡಿತ್ತು. ಅವಳು ಮಂಚದ ಮೇಲೆ ದಿಂಬುಗಳನ್ನು ಪೇರಿಸಿಕೊಂಡು ಅರ್ಧ ಕೂತಂತೆ ಒರಗಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ನಾಲ್ಕಾರು ದಿನದಿಂದ ಹಾಗೇ ಇದ್ದಳಂತೆ. ಫೋನು ಅಡುಗೆಮನೆಯಲ್ಲಿ ಉಳಿದಿತ್ತು, ಅಲ್ಲಿಯವರೆಗೆ ಎದ್ದು ಹೋಗಲು ಆಗಿರಲಿಲ್ಲ.

"ಎಲ್ರೂ ಯಾಕ್ ಬಂದ್ರಿ ಅತ್ತಿಗೆ?" ಒಂದೊಂದು ಮಾತಿಗೂ ಅವಳು ನಿಲ್ಲುತ್ತಿದ್ದಳು. "ಏನೂ ಇಲ್ಲ. ಮಗು ಮೇಲಕ್ಕೆ ಒತ್ತುತ್ತೆ ಅಂತಾರೆ ಪಕ್ಕದ್ಮನೆ ಆಂಟಿ. ಬಸ್ರೀಲಿ ಕಾಲು ಊದೋದು ಮಾಮೂಲಲ್ವಾ?"

ಅವಳ ತುಟಿ ನೀಲಿಗಟ್ಟಿತ್ತು. ಕೂದಲು ಮಾತ್ರ ಎಂದೂ ಇಲ್ಲದಷ್ಟು ಸೊಂಪಾಗಿ ಹೆಗಲ ಮೇಲೆ ಹರಡಿತ್ತು. ಚೈತ್ರ ಅದರಿಂದ ಕಣ್ಣು ಕಿತ್ತು, ಅವಳನ್ನು ಕೆಳಗಿಳಿಸಲು ಕುರ್ಚಿ ಹುಡುಕಿದಳು.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಶರತ್ ಮತ್ತು ಎದುರು ಕೋಣೆಯ ಇಬ್ಬರು ಹುಡುಗರು ಸೇರಿ ಅವಳನ್ನು ಮೆಟ್ಟಿಲಿಳಿಸಿದರು. ಹತ್ತಿರದ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ವೈದ್ಯೆ ಬಿ.ಪಿ. ನೋಡಿ, ಎದೆ ನೋಡಿ, ಬಸುರಿಯಲ್ಲಿ ಬರುವ ಬೇರೆ ಕಾಯಿಲೆಗಳ ಲೆಕ್ಕದಲ್ಲಿ ಹೋಗುತ್ತಿದ್ದರು. ಚೈತ್ರ ಅಡ್ಡ ನಿಂತು ಎಣ್ಣೆಯ ಮಾತು ಎತ್ತಿದಳು.

"ಯಾರ್ ಹೇಳಿದ್ದು ನಿಮ್ಗೆ ಇದು?"

"ಡಾಕ್ಟರ್ ಮುಜಫ್ಫರ್. ನಮ್ಮ ನಾಯಿ ನೋಡೋರು."

"ನಾಯಿ ಡಾಕ್ಟ್ರಾ?" ವೈದ್ಯೆಯ ಹುಬ್ಬು ಮೇಲೇರಿತು.

"ಒಂದ್ಸಲ ಅವ್ರ ಜೊತೆ ಮಾತಾಡಿ ಮೇಡಂ. ನಿಮ್ಮ ದಮ್ಮಯ್ಯ." ಚೈತ್ರ ಫೋನು ಹಿಡಿದು ಅವರ ಮುಖದ ಮುಂದೆ ಚಾಚಿದಳು. ಸುಟ್ಟ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ವೈದ್ಯೆ ಅದನ್ನು ನೋಡಿದರು, ಫೋನು ಇಸಕೊಂಡರು. ಮಾತು ಬೇಗ ಮುಗಿಯಲಿಲ್ಲ. ಅವರು ತಿರುಗಿ ಬಂದಾಗ ನಡಿಗೆಯೇ ಬೇರೆಯಾಗಿತ್ತು. "ತಾಯೀನೂ ತಿಂದಿದಾರಾ? ಅವ್ರನ್ನೂ ಒಳಗೆ ಕರ್ಕೊಂಡ್ ಬನ್ನಿ," ಎಂದರು.

ಶಾಂತಲಾಳ ಹೃದಯ ಬಸುರಿನ ಭಾರವನ್ನು ಹೊರುವ ಸ್ಥಿತಿಯಲ್ಲಿರಲಿಲ್ಲ. ಮರುದಿನ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು ಮಗು. ಎರಡು ಅಂಗೈ ಜೋಡಿಸಿದರೆ ಹಿಡಿಸುವಷ್ಟು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು, ಮೂಗಿಗೆ ನಳಿಕೆ ಹಾಕಿದರು. ಎಷ್ಟೋ ವಾರ ಯಾರೂ ಧೈರ್ಯವಾಗಿ ಹೆಸರಿಡುವ ಮಾತು ಆಡಲಿಲ್ಲ. ತಾಯಿ ಮಗು ಇಬ್ಬರೂ ಉಳಿದರು. ಶಾಂತಲಾ ಈಗಲೂ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಲ್ಲುತ್ತಾಳೆ.

ಗೋಧಿ ಉಳಿಯಲಿಲ್ಲ. ಎಲ್ಲರೂ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಡಾಕ್ಟರ್ ಮುಜಫ್ಫರ್ ಅದನ್ನು ತಮ್ಮ ಕ್ಲಿನಿಕ್ಕಿನಲ್ಲೇ ಇಟ್ಟುಕೊಂಡಿದ್ದರು. ಚೈತ್ರ ಹೋದಾಗ ಅದು ಪಕ್ಕಕ್ಕೆ ಮಲಗಿತ್ತು, ಅವಳನ್ನು ಕಂಡು ಬಾಲದ ತುದಿಯನ್ನಷ್ಟೇ ಆಡಿಸಿತು. ಅವಳು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮಧ್ಯಾಹ್ನದ ಹೊತ್ತಿಗೆ ಉಸಿರು ನಿಂತಿತು. ಸತ್ತ ಮೇಲೂ ಅದರ ಮೈ ಹೊಳೆಯುತ್ತಿತ್ತು. ಚೈತ್ರ ತಡೆಯಲಾರದೆ ತನ್ನ ದುಪಟ್ಟಾ ತೆಗೆದು ಅದಕ್ಕೆ ಹೊದಿಸಿದಳು. ಲಡ್ಡು ಬೇಗ ಎಣ್ಣೆ ಬಿಟ್ಟದ್ದರಿಂದ ಬದುಕಿಕೊಂಡಿತು. ಮುನಿರತ್ನ ಮತ್ತೆ ಅಂಗಡಿಗೆ ಬರಲಿಲ್ಲ, ಬೈಯಲೂ ಇಲ್ಲ.

ಪಟಾಲಮ್ಮನ ಕಾಲಿನ ನೀರು ಇಳಿಯಿತು. ಬಲಗಣ್ಣು ಹೋಯಿತು. ಅವಳು ಅದರ ಬಗ್ಗೆ ದೂರಲಿಲ್ಲ. ಮೊಮ್ಮಗಳನ್ನು ನೋಡಲು ಕರೆದರೆ ಗಾಜಿನ ಆಚೆಯೇ ನಿಲ್ಲುತ್ತಿದ್ದಳು. "ನಾನು ಮುಟ್ಟಾಕಿಲ್ಲ," ಎನ್ನುತ್ತಿದ್ದಳು. "ನನ್ ಕೈ ಬ್ಯಾಡ ಅದ್ಕೆ." ಕೆಳಗಿನ ಒಲೆ ಆರಿತು. ಸೊಸೆ ತಟ್ಟೆಗೆ ಹಾಕಿದ್ದನ್ನು ಉಂಡು, ತಟ್ಟೆ ತೊಳೆದಿಟ್ಟು, ಮೂಲೆಯಲ್ಲಿ ಕೂರುತ್ತಿದ್ದಳು. ಮಗು ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ಚೈತ್ರಳೇ ಅದನ್ನು ತಂದು ಅವಳ ಮಡಿಲಿಗೆ ಹಾಕಿ, ಬೇಕೆಂದೇ ಹೊರಗೆ ಹೋಗಿಬಿಟ್ಟಳು. ಬಾಗಿಲ ಆಚೆ ನಿಂತು ಕೇಳಿಸಿಕೊಂಡಳು. ಮೊದಲು ಮುದುಕಿ ಅಳುವುದು ಕೇಳಿಸಿತು, ಆಮೇಲೆ ಮಗು ಅಳುವುದು.

ಚೈತ್ರ ಗಿರಾಕಿಗಳ ಮನೆಮನೆಗೆ ಹೋಗಿ ಬಾಟಲಿಗಳನ್ನೆಲ್ಲ ವಾಪಸು ತಂದಳು. ಕೆಲವರು ಮುಖಕ್ಕೇ ಬಾಗಿಲು ಹಾಕಿದರು. ಆಹಾರ ಇಲಾಖೆಯವರು ಬಂದು ಗಾಣಕ್ಕೆ ಬೀಗ ಹಾಕಿ, ಉಳಿದ ಎಣ್ಣೆ, ಬೀಜ, ಹಿಂಡಿ ಎಲ್ಲ ಒಯ್ದರು. ಅಶ್ವತ್ಥ್ ಟ್ರ್ಯಾಕ್ಟರು ತಂದು ಹೊಲವನ್ನು ಆಳವಾಗಿ ಉತ್ತ. ಮೊದಲ ಮಳೆಗೆ ಆ ಗಿಡ ಮತ್ತೆ ಬಂತು, ಮೊದಲಿಗಿಂತ ಒತ್ತಾಗಿ.

ಎಲ್ಲ ಮುಗಿಯಿತು ಎಂದುಕೊಂಡ ಮೇಲೆ ಅಶ್ವತ್ಥ್ ಒಂದು ಬೆಳಿಗ್ಗೆ ಅಟ್ಟೂರಿಗೆ ಬಂದ. ಗಡ್ಡ ಬೆಳೆದಿತ್ತು. ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಕೂತ.

"ಚೈತ್ರಾ, ಇನ್ನೊಂದ್ ಟಿನ್ ಇತ್ತು."

"ಯಾವ್ ಟಿನ್ ಭಾವ?"

"ಅದೇ ಬೀಜದ್ದು. ಬರೀ ಹುಚ್ಚೆಳ್ಳು, ಅಗಸೆ ಹಾಕಿರ್ಲಿಲ್ಲ. ಯಾವನೋ ಗೂಡ್ಸ್ ಆಟೋದವನು ಗಾಣದ ಮುಂದೆ ನಿಲ್ಸಿ, ನಾಟಿ ಹುಚ್ಚೆಳ್ಳೆಣ್ಣೆ ಇದ್ಯಾ ಅಂತ ಕೇಳ್ದ. ಕೊಟ್ಟೆ. ಇದೆಲ್ಲಾ ಗೊತ್ತಾಗೋಕ್ ಮುಂಚೆ."

"ಯಾರು? ಯಾವೂರು?"

"ಮುಖಾನೂ ನೆನಪಿಲ್ಲಮ್ಮ. ದೊಡ್ಡಬಳ್ಳಾಪುರದ ಕಡೆ ತಿರುಗ್ಸಿದ, ಅಷ್ಟೇ ನೋಡಿದ್ದು. ದಿನಾ ರೋಡಲ್ಲಿ ನಿಂತ್ಕೊಂಡು ಹೋಗೋ ಬರೋ ಆಟೋನೆಲ್ಲ ನೋಡ್ತಿದೀನಿ."

ಇಲಾಖೆಗೆ ತಿಳಿಸಿದರು. ರಸ್ತೆಬದಿಯ ಹೋಟೆಲುಗಳಲ್ಲಿ, ಬಜ್ಜಿ ಗಾಡಿಗಳಲ್ಲಿ, ಹಳ್ಳಿಯ ಅಂಗಡಿಗಳಲ್ಲಿ ಕೇಳಿದರು. ಟಿನ್ ಸಿಗಲಿಲ್ಲ. ಯಾರ ಮನೆಯಲ್ಲಿ ಅದು ಇಳಿಯಿತೋ, ಯಾರ ಒಲೆಯ ಪಕ್ಕ ಇದೆಯೋ ಯಾರಿಗೂ ತಿಳಿಯಲಿಲ್ಲ.

ಅಂದಿನಿಂದ ಚೈತ್ರ ಹೊರಗೆ ಹೋದಾಗ ಜನರ ಮುಖ ನೋಡುವುದನ್ನು ಬಿಟ್ಟಳು. ಸಂತೆಯಲ್ಲಿ, ದೇವಸ್ಥಾನದಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಅವಳ ಕಣ್ಣು ನೆಲದ ಮೇಲೇ ಇರುತ್ತಿತ್ತು.

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ ಅವಳು ಯಲಹಂಕದ ಬಸ್‌ಸ್ಟಾಪಿನಲ್ಲಿ ನಿಂತಿದ್ದಳು. ಪಕ್ಕದ ಕಲ್ಲುಬೆಂಚಿನ ಮೇಲೆ ಒಬ್ಬ ಹೆಂಗಸು ಬುಟ್ಟಿ ಇಳಿಸಿಕೊಂಡು ಕೂತಳು. ಉಸ್ಸಪ್ಪಾ ಎಂದು ಚಪ್ಪಲಿ ಕಳಚಿ ಕಾಲು ನೀಡಿದಳು. ಪಾದದ ಮೇಲೆ ಪಟ್ಟಿಯ ಗುರುತು ಆಳವಾಗಿ ಕೂತಿತ್ತು, ಹಗ್ಗ ಬಿಗಿದು ಬಿಚ್ಚಿದಂತೆ.

ಚೈತ್ರ ಹತ್ತಿರ ಹೋದಳು. "ಅಮ್ಮಾ, ತಪ್ಪು ತಿಳ್ಕೋಬೇಡಿ. ನಿಮ್ಮನೇಲಿ ಅಡ್ಗೆಗೆ ಯಾವ ಎಣ್ಣೆ ಹಾಕ್ತೀರಾ?"

ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕಮ್ಮಾ? ನಾವು ಪ್ಯಾಕೀಟು ಮುಟ್ಟಾಕಿಲ್ಲ. ನಾಟಿ ಎಣ್ಣೆ, ನಮ್ ಯಜಮಾನ್ರು ತಂದವ್ರೆ. ಒಳ್ಳೆ ಗಮಗಮ ಅಂತದೆ."

ಅಷ್ಟರಲ್ಲಿ ಬಸ್ಸು ಬಂತು. ಹೆಂಗಸು ಬುಟ್ಟಿ ಎತ್ತಿಕೊಂಡು, ಕಂಬಿ ಹಿಡಿದು, ಏದುಸಿರು ಬಿಡುತ್ತ ಒಂದೊಂದೇ ಮೆಟ್ಟಿಲು ಹತ್ತಿದಳು. ಬಸ್ಸು ಎಲ್ಲಿಗೆ ಹೋಗುತ್ತದೆಂದು ಬೋರ್ಡು ಕೂಡ ನೋಡದೆ ಚೈತ್ರಳೂ ಅವಳ ಹಿಂದೆಯೇ ಹತ್ತಿದಳು.